ಹಣ್ಣೆಲೆಯ ಹಿಂದೆ ಸಾವಿರ ಮೈಲಿ

"ತರಗೆಲೆ ನೋಡೋಕೆ ದುಡ್ಡು ಖರ್ಚು ಮಾಡ್ಕೊಂಡು ಹೋಗ್ತೀರಾ? ಎಂಥ ಮಾರಾಯ್ತಿ!"

ಅಮ್ಮ ಹೀಗೆ ನಕ್ಕಿದ್ದು ಜೂನ್ ತಿಂಗಳಲ್ಲಿ. ನಾನು ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಚಳಿಗಾಲಕ್ಕೆ ಮುಂಚೆ ಕೆಂಪು ಹಳದಿಯಾಗುವ ಕಾಡಿನ ಎಲೆ ನೋಡಲು ಅಕ್ಟೋಬರ್‌ಗೆ ಮೋಟೆಲ್ ಹುಡುಕುತ್ತಿದ್ದೆ. ಅಮ್ಮ ಸಾಗರದ ಕಡೆಯವಳು. ತರಗೆಲೆ ಅಂದರೆ ಅವಳಿಗೆ ಗುಡಿಸಿ, ಬುಟ್ಟಿಗೆ ತುಂಬಿ, ಕೊಟ್ಟಿಗೆಗೆ ಹಾಸುವ ಸಾಮಾನು. ಅದನ್ನು ನೋಡಲು ಕಾರು ಹತ್ತಿ ನಾಲ್ಕು ರಾಜ್ಯ ದಾಟುತ್ತಾರೆ ಅಂದರೆ ನಗು ಬಾರದೆ ಇನ್ನೇನು? ಅಪ್ಪ ನಿವೃತ್ತ ಮೇಷ್ಟ್ರು, ಸಮಾಜ ಪಾಠ ಮಾಡುತ್ತಿದ್ದವರು. ಅವರ ಪ್ರಶ್ನೆ ಬೇರೆ. "ಎಲೆ ಇರಲಿ ಪುಟ್ಟಿ, ಹಳೇ ಜಾಗ ಏನೇನಿದೆ ಅಲ್ಲಿ?"

ಇಬ್ಬರಿಗೂ ಒಪ್ಪುವ ಒಂದು ಪ್ಲಾನ್ ಮಾಡಬೇಕಿತ್ತು. ನನಗೋ ಹಳೆಯ ಸೋಲಿನ ಲೆಕ್ಕವೂ ಬಾಕಿ ಇತ್ತು.

ಎರಡು ವರ್ಷದ ಹಿಂದೆ ನಾನೂ ನನ್ನ ಗಂಡನೂ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳಾದ ಇದೇ ನ್ಯೂ ಇಂಗ್ಲೆಂಡಿಗೆ ಎಲೆ ನೋಡಲು ಹೋಗಿದ್ದೆವು. ರಜೆ ಉಳಿಸೋಣ ಅಂತ ಅಕ್ಟೋಬರ್ ಎರಡನೇ ಸೋಮವಾರ ಬರುವ ಕೊಲಂಬಸ್ ಡೇ ವಾರಾಂತ್ಯವನ್ನೇ ಆರಿಸಿದ್ದೆ. ಅದೇ ಸೋಮವಾರ ಕೆನಡಾದವರ ಥ್ಯಾಂಕ್ಸ್‌ಗಿವಿಂಗ್ ಕೂಡ ಅಂತ ನನಗೆ ಗೊತ್ತಿರಲಿಲ್ಲ. ದಕ್ಷಿಣದಿಂದ ನಾವೆಲ್ಲ ಹತ್ತಿದೆವು, ಉತ್ತರದಿಂದ ಕ್ವಿಬೆಕ್‌ನವರೆಲ್ಲ ಇಳಿದರು. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟದ ದಾರಿಯಲ್ಲಿ ಜಾತ್ರೆಯ ರಥದ ಹಿಂದೆ ನಡೆದ ಹಾಗೆ ಕಾರು ತೆವಳಿತು. ಆ ವಾರ ಗಾಳಿ ಮಳೆ ಬೇರೆ ಬಂದು ಹೋಗಿತ್ತು. ಮೇಲಿನ ಮರಗಳು ಬೋಳಾಗಿದ್ದವು. ಹತ್ತಿರದಲ್ಲೆಲ್ಲೂ ರೂಮು ಸಿಗದೆ ರಾತ್ರಿ ಒಂದೂವರೆ ಗಂಟೆ ಓಡಿಸಿ, ಹೆದ್ದಾರಿ ಪಕ್ಕದ ಒಂದು ಮೋಟೆಲ್‌ನಲ್ಲಿ ಮಲಗಿದೆವು. ಕಿಟಕಿ ತೆರೆದರೆ ಪೆಟ್ರೋಲ್ ಬಂಕ್. ಆ ಪ್ರವಾಸದ ಒಂದು ಫೋಟೋವನ್ನೂ ನಾನು ಯಾರಿಗೂ ತೋರಿಸಿಲ್ಲ.

ಆಮೇಲೆ ಕೂತು ಓದಿದೆ, ನಾಲ್ಕೈದು ಸಲ ಹೋದವರನ್ನು ಕೇಳಿದೆ. ನನ್ನ ತಪ್ಪು ಏನು ಅಂತ ತಿಳಿಯಿತು. ನಾನು ಎಲೆಗೆ ತಾರೀಖು ಕೊಟ್ಟಿದ್ದೆ.

ಎಲೆಯ ಹಸಿರು ಕ್ಲೋರೋಫಿಲ್‌ನದ್ದು. ಹಗಲು ಚಿಕ್ಕದಾಗುತ್ತಾ ಬಂದಂತೆ ಮರ ಅದನ್ನು ತಯಾರಿಸುವುದು ಬಿಡುತ್ತದೆ. ಆಗ ಕೆಳಗೆ ಮೊದಲಿಂದಲೂ ಇದ್ದ ಹಳದಿ ಹೊರಗೆ ಕಾಣುತ್ತದೆ. ಬರ್ಚ್ ಮರದ ಹಳದಿ ಇಂಥದ್ದು. ಕೆಂಪಿನ ಕಥೆ ಬೇರೆ. ಅದು ಆಂಥೋಸಯನಿನ್ ಅನ್ನುವ ಬಣ್ಣ, ಮರ ಆಗ ಹೊಸದಾಗಿ ತಯಾರಿಸಿಕೊಳ್ಳುವಂಥದ್ದು. ಅದಕ್ಕೆ ಎಲೆಯಲ್ಲಿ ಸಕ್ಕರೆ ಬೇಕು, ಬಿಸಿಲು ಬೇಕು, ರಾತ್ರಿ ತಂಪಿರಬೇಕು, ಆದರೆ ಹೆಪ್ಪುಗಟ್ಟುವಷ್ಟು ಚಳಿ ಇರಬಾರದು. ಹೀಗಾಗಿ ಪ್ರತಿ ವರ್ಷದ ಕೆಂಪೂ ಬೇರೆ. ಬಣ್ಣ ಏರುವ ದಿನವೂ ಒಂದು ವಾರ ಆಚೀಚೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತಲೆಯಿಂದ ಬುಡಕ್ಕೆ ಇಳಿಯುತ್ತದೆ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ಗಳ ಉತ್ತರದಲ್ಲಿ ಸೆಪ್ಟೆಂಬರ್ ಕೊನೆಗೇ ಶುರು. ಬಾಸ್ಟನ್ ಸುತ್ತ ಅಕ್ಟೋಬರ್ ಅರ್ಧ ಕಳೆಯಬೇಕು.

"ಪೀಕ್", ಅಂದರೆ ಬಣ್ಣ ತುತ್ತತುದಿ ಮುಟ್ಟುವ ಹೊತ್ತು, ಅನ್ನುವ ಒಂದು ಪದ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಪೀಕ್ ಯಾವಾಗ, ಪೀಕ್ ಆಯ್ತಾ, ಪೀಕ್ ಮುಗೀತಾ. ಅದರ ಹಿಂದೆ ಬಿದ್ದರೆ ಕೆಟ್ಟಿರಿ. ಅದರ ಬದಲು ಎತ್ತರ ನೋಡಬೇಕು. ಒಂದೇ ದಾರಿ ಐನೂರು ಅಡಿಯಿಂದ ಮೂರು ಸಾವಿರ ಅಡಿಗೆ ಹತ್ತಿ ಇಳಿಯುತ್ತಿದ್ದರೆ ಅದರಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇದ್ದೇ ಇರುತ್ತದೆ. ಮೇಲೆ ಉದುರಿದ್ದರೆ ನಡುವೆ ಇರುತ್ತದೆ, ನಡುವೆ ಹಸಿರಾಗಿದ್ದರೆ ಮೇಲೆ ಇರುತ್ತದೆ.

ಹಾಗಾಗಿ ಈ ಸಲದ ಪ್ಲಾನ್‌ಗೆ ಒಂದೇ ಸೂತ್ರ ಇಟ್ಟುಕೊಂಡೆ. ರಾತ್ರಿ ಗಟ್ಟಿ, ಹಗಲು ಸಡಿಲ. ಮಲಗುವ ಜಾಗ ಮೂರು ತಿಂಗಳ ಮೊದಲೇ ಬುಕ್. ಹಗಲಿನ ಕಾರ್ಯಕ್ರಮ ಹಿಂದಿನ ರಾತ್ರಿ ಹವಾಮಾನ ನೋಡಿ ತೀರ್ಮಾನ. ಅಪ್ಪನ ಹಳೇ ಜಾಗಗಳನ್ನು ಎರಡು ಪಟ್ಟಿ ಮಾಡಿದೆ. ಒಂದು ಸೂರಿರುವ ಚರಿತ್ರೆ, ಇನ್ನೊಂದು ಬಯಲ ಚರಿತ್ರೆ. ಮಳೆ ಬಂದರೆ ಸೂರಿನ ಕೆಳಗೆ, ಬಿಸಿಲು ಬಂದರೆ ಬಯಲಿಗೆ ಮತ್ತು ಎಲೆಗೆ. ಇದನ್ನು ಕೇಳಿ ನನ್ನ ಗಂಡ, "ಇದಕ್ಕೆ ಎಕ್ಸೆಲ್ ಶೀಟ್ ಬೇಕಾ?" ಎಂದ. ಬೇಕಿತ್ತು.

ದಿನ ಆರಿಸುವುದು ಸುಲಭವಾಯಿತು. ಅಕ್ಟೋಬರ್ ಮೊದಲ ವಾರ, ಮಂಗಳವಾರ ಹೊರಟು ಶನಿವಾರ ವಾಪಸ್. ವಾರದ ನಡುವೆ ರೂಮಿನ ಬಾಡಿಗೆ ಕಡಿಮೆ. ಶುಕ್ರವಾರ ಬಂತೆಂದರೆ ಅದೇ ರೂಮು ದುಪ್ಪಟ್ಟು, ಮೇಲೆ "ಎರಡು ರಾತ್ರಿ ಕಡ್ಡಾಯ" ಅನ್ನುವ ಷರತ್ತು. ಹೆಸರುವಾಸಿ ಊರುಗಳನ್ನು ಬಿಟ್ಟು, ಅವುಗಳಿಂದ ಅರ್ಧ ಗಂಟೆ ದೂರದ ಹೆದ್ದಾರಿ ಊರುಗಳಲ್ಲಿ ಹುಡುಕಿದೆ. ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ ಕೇಳಿದ ಬೆಲೆಗೆ ತಲೆ ತಿರುಗಿತು. ಎರಡು ಹೆದ್ದಾರಿ ಕೂಡುವ ವೈಟ್ ರಿವರ್ ಜಂಕ್ಷನ್‌ನಲ್ಲಿ ಅದರ ಅರ್ಧಕ್ಕೆ ಸಿಕ್ಕಿತು. ಫ್ರಿಜ್, ಮೈಕ್ರೋವೇವ್ ಇರುವ ರೂಮೇ ಬೇಕು ಅಂತ ಹಟ ಹಿಡಿದೆ, ಯಾಕೆಂದರೆ ಅಮ್ಮನ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ನಮ್ಮ ಜೊತೆ ಬರುವುದು ಖಂಡಿತ.

ಇಷ್ಟೆಲ್ಲ ಜಾಣತನ ಮಾಡಿದ ಮೇಲೂ ಒಂದು ಕಡೆ ಎಡವಿದೆ. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳಿಗೆ ಹತ್ತಿರ ಅಂತ ಪ್ಲಿಮತ್‌ನಲ್ಲಿ ಎರಡು ರಾತ್ರಿ ಬುಕ್ ಮಾಡಿದ್ದೆ. ಆಗಸ್ಟ್‌ನಲ್ಲಿ ಒಂದು ದಿನ ಅಪ್ಪ ನನ್ನ ಶೀಟ್ ನೋಡುತ್ತಾ, "ಸಮುದ್ರದ ನೋಟ ಅಂತ ಬರೆದಿದ್ಯಲ್ಲೇ, ಬೆಟ್ಟದ ಮೇಲೆ ಸಮುದ್ರ ಎಲ್ಲಿಂದ ಬಂತು?" ಎಂದರು. ನೋಡಿದರೆ ನಾನು ಬುಕ್ ಮಾಡಿದ್ದು ಮ್ಯಾಸಚೂಸೆಟ್ಸ್‌ನ ಪ್ಲಿಮತ್. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನವರು ಬಂದು ನೆಲೆಸಿದ ಊರು. ಬೆಟ್ಟಕ್ಕೂ ಅದಕ್ಕೂ ಎರಡೂವರೆ ಗಂಟೆ ದೂರ. ಸದ್ಯ, ಬಿಟ್ಟಿಯಾಗಿ ರದ್ದು ಮಾಡುವ ಅವಕಾಶ ಇತ್ತು. ಇಲ್ಲಿ ಬಂದು ನೆಲೆಸಿದವರು ಹೋದಲ್ಲೆಲ್ಲ ಅವೇ ಹೆಸರು ಇಟ್ಟುಬಿಟ್ಟಿದ್ದಾರೆ, ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇದ್ದ ಹಾಗೆ. ನಮ್ಮ ಐದು ದಿನದ ದಾರಿಯ ಆಸುಪಾಸಿನಲ್ಲೇ ಕಡಿಮೆ ಅಂದರೂ ಮೂರು ಪ್ಲಿಮತ್, ಎರಡು ಕಾಂಕರ್ಡ್, ಎರಡು ವುಡ್‌ಸ್ಟಾಕ್. ಅವತ್ತಿನಿಂದ ಶೀಟಿನಲ್ಲಿ ಪ್ರತಿ ಊರಿನ ಮುಂದೆ ರಾಜ್ಯದ ಹೆಸರು ಮತ್ತು ಪಿನ್ ನಂಬರ್ ಬರೆದೆ. ನೀವೂ ಬರೆಯಿರಿ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಮಧ್ಯಾಹ್ನ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ತಲುಪಿದಾಗ ಮರಗಳೆಲ್ಲ ಹೆಚ್ಚುಕಡಿಮೆ ಹಸಿರು. ಅದು ನನ್ನ ಲೆಕ್ಕದಲ್ಲೇ ಇತ್ತು, ಮೊದಲ ದಿನ ಅಪ್ಪನದು. ಓಲ್ಡ್ ನಾರ್ತ್ ಬ್ರಿಜ್ ಬರೀ ಒಂದು ಮರದ ಕಾಲುಸೇತುವೆ, ಈಗಿರುವುದು ಮರುನಿರ್ಮಾಣ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ಇಲ್ಲಿ ಬ್ರಿಟಿಷ್ ಸಿಪಾಯಿಗಳ ಮೇಲೆ ಊರಿನ ರೈತರು ಗುಂಡು ಹಾರಿಸಿದರು. ಸೇತುವೆಯ ಆಚೆ ಕೈಯಲ್ಲಿ ಕೋವಿ ಹಿಡಿದು, ನೇಗಿಲು ಬಿಟ್ಟು ಹೊರಟ ರೈತನ ಪ್ರತಿಮೆ ಇದೆ, 1875ರದ್ದು. ಈಚೆ ಸತ್ತ ಬ್ರಿಟಿಷ್ ಸಿಪಾಯಿಗಳ ಗೋರಿ. ಅಪ್ಪ ಎರಡೂ ಕಡೆ ಅಷ್ಟಷ್ಟೇ ಹೊತ್ತು ನಿಂತರು.

ಮರುದಿನ ವಾಲ್ಡನ್ ಕೊಳ. ಹೊರ ರಾಜ್ಯದ ನಂಬರ್ ಪ್ಲೇಟ್ ಇರುವ ಕಾರಿಗೆ ಪಾರ್ಕಿಂಗ್ 30 ಡಾಲರ್, ಮ್ಯಾಸಚೂಸೆಟ್ಸ್ ಪ್ಲೇಟಿಗೆ 8. ನನ್ನ ಗಂಡನ ಮುಖ ನೋಡಬೇಕಿತ್ತು. ಇದೂ ಶೀಟಿನಲ್ಲಿರಬೇಕಾದ ಮಾತು, ನಾನು ಬಿಟ್ಟಿದ್ದೆ. ಅಮೆರಿಕದ ಲೇಖಕ ಥೋರೋ 1845ರಿಂದ ಎರಡು ವರ್ಷ ಎರಡು ತಿಂಗಳು ಗುಡಿಸಲು ಕಟ್ಟಿಕೊಂಡಿದ್ದ ಜಾಗಕ್ಕೆ ಕಲ್ಲುಕಂಬ ನೆಟ್ಟಿದ್ದಾರೆ. ಅವನು ಇಲ್ಲಿ ಭಗವದ್ಗೀತೆ ಓದುತ್ತಿದ್ದದ್ದು ಅಪ್ಪನಿಗೆ ಗೊತ್ತಿತ್ತು. ಆದರೆ ಅವನಿದ್ದ ಕಾಲದಲ್ಲೇ ಈ ಕೊಳದ ಮಂಜುಗಡ್ಡೆಯನ್ನು ಬಾಸ್ಟನ್‌ನ ಐಸ್ ವ್ಯಾಪಾರಿಯ ಆಳುಗಳು ಕೊಯ್ದಿದ್ದರು ಅನ್ನುವುದು ಗೊತ್ತಿರಲಿಲ್ಲ. ಫ್ರೆಡರಿಕ್ ಟ್ಯೂಡರ್ ಅನ್ನುವ ಆ ವ್ಯಾಪಾರಿ ಇಲ್ಲಿನ ಕೆರೆ ಕೊಳಗಳ ಐಸನ್ನು ಮರದ ಹೊಟ್ಟಿನಲ್ಲಿ ಹೂತು ಹಡಗಿನಲ್ಲಿ ಕಲ್ಕತ್ತಾಕ್ಕೂ ಮದ್ರಾಸಿಗೂ ಕಳಿಸುತ್ತಿದ್ದ. ಮದ್ರಾಸಿನಲ್ಲಿ ಅದನ್ನು ಇಡಲು ಕಟ್ಟಿದ ಐಸ್ ಹೌಸೇ ಈಗ ಮರೀನಾ ಬೀಚ್ ಎದುರಿನ ವಿವೇಕಾನಂದ ಮನೆ. "ನಾನು ಅದರ ಮುಂದೆ ಕಡಲೆಕಾಯಿ ತಿಂದಿದ್ದೀನಿ!" ಎಂದರು ಅಪ್ಪ. 30 ಡಾಲರ್ ಅಲ್ಲಿಗೆ ಸಂದಾಯವಾಯಿತು.

ಬುಧವಾರ ರಾತ್ರಿ ಸರಿಯಾದ ಪ್ಲಿಮತ್‌ನಲ್ಲಿ ಹವಾಮಾನ ನೋಡಿದರೆ ಗುರುವಾರ ಇಡೀ ದಿನ ಮಳೆ, ಶುಕ್ರವಾರ ಬಿಸಿಲು. ಶೀಟಿನಲ್ಲಿ ಗುರುವಾರ ಬೆಟ್ಟದ ದಾರಿ ಇತ್ತು. ಅದನ್ನು ಶುಕ್ರವಾರಕ್ಕೆ ನೂಕಿ, ವರ್ಮಾಂಟ್‌ನ ಸೂರಿರುವ ಚರಿತ್ರೆಯನ್ನು ಗುರುವಾರಕ್ಕೆ ಎಳೆದುಕೊಂಡೆ. ಹೋಗಿ ಬರುವುದಕ್ಕೆ ನೂರು ಮೈಲಿ ಜಾಸ್ತಿ ಆಯಿತು ನಿಜ. ಎರಡು ವರ್ಷದ ಹಿಂದಿನ ನನ್ನಂಥವಳಾಗಿದ್ದರೆ ಛತ್ರಿ ಹಿಡಿದು ಬೆಟ್ಟ ಹತ್ತಿಸಿರುತ್ತಿದ್ದೆ.

ಗುರುವಾರದ ಮಳೆ ಸಣ್ಣಗೆ ಜಿನುಗುತ್ತಿತ್ತು. ಅದು ಎಲೆಗೆ ಶತ್ರು ಅಲ್ಲ ಅಂತ ಆಗ ಗೊತ್ತಾಯಿತು, ಶತ್ರು ಗಾಳಿ. ಒದ್ದೆಯಾದ ಕಾಂಡಗಳು ಕಪ್ಪಗಾಗಿ, ಅದರ ಮೇಲೆ ಕಿತ್ತಳೆ ಬಣ್ಣ ಉರಿಯುತ್ತಿತ್ತು. ಕನೆಕ್ಟಿಕಟ್ ನದಿ ದಾಟಿ ವರ್ಮಾಂಟ್‌ಗೆ ಹೋಗಲು ಕಾರ್ನಿಶ್ ಮತ್ತು ವಿಂಡ್ಸರ್ ಊರುಗಳ ನಡುವಿನ ಹಳೆಯ ಮರದ ಸೇತುವೆ ಹಿಡಿದೆವು. 1866ರದ್ದು, 449 ಅಡಿ ಉದ್ದ, ಉದ್ದಕ್ಕೂ ಮಾಡು ಹೊದಿಸಿದ್ದಾರೆ. ಇದಕ್ಕಿಂತ ಅಕ್ಷರಶಃ ಸೂರಿರುವ ಚರಿತ್ರೆ ಎಲ್ಲಿ ಸಿಗಬೇಕು? ಬಾಗಿಲ ಮೇಲೆ ಹಳೇ ಬೋರ್ಡು: ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕೊಡಿ. ಮಾಡು ಯಾಕೆ ಅಂತ ಅಮ್ಮ ಕೇಳಿದಳು. ಮಳೆ ಹಿಮಕ್ಕೆ ಒಳಗಿನ ತೊಲೆ ಕೊಳೆಯದಿರಲಿ ಅಂತ, ಎಂದೆ. "ಅಷ್ಟೇನಾ? ನಮ್ಮ ಅಡಿಕೆಗೆ ಕೊಟ್ಟೆ ಕಟ್ಟಿದ ಹಾಗೆ," ಎಂದಳು. ಮಳೆಗಾಲದಲ್ಲಿ ಕೊಳೆ ಬಾರದಿರಲಿ ಅಂತ ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆ. ಸರಿಯಾಗೇ ಹೇಳಿದಳು.

ಮೂರನೇ ಪ್ಲಿಮತ್‌ಗೆ ಮಧ್ಯಾಹ್ನ ತಲುಪಿದೆವು. ವರ್ಮಾಂಟ್‌ನ ಪ್ಲಿಮತ್ ನಾಚ್, ಅಮೆರಿಕದ ಅಧ್ಯಕ್ಷನಾಗಿದ್ದ ಕ್ಯಾಲ್ವಿನ್ ಕೂಲಿಜ್ ಹುಟ್ಟಿದ ಹಳ್ಳಿ. ಬೆರಳೆಣಿಕೆಯ ಬಿಳಿ ಮನೆಗಳು, ಒಂದು ಚರ್ಚು, ಒಂದು ಅಂಗಡಿ, ಚೀಸ್ ಮಾಡುವ ಒಂದು ಕಟ್ಟಡ. ಅಕ್ಟೋಬರ್ ಅರ್ಧದಲ್ಲಿ ಬಾಗಿಲು ಹಾಕಿಬಿಡುತ್ತಾರೆ, ಹಾಗಾಗಿ ಎಲೆಯ ಜೊತೆ ಇದನ್ನು ಕೂಡಿಸಲು ಸಿಗುವುದು ಎರಡು ಮೂರು ವಾರ ಮಾತ್ರ. 1923ರ ಆಗಸ್ಟ್‌ನಲ್ಲಿ ಉಪಾಧ್ಯಕ್ಷ ಕೂಲಿಜ್ ಅಪ್ಪನ ಮನೆಗೆ ರಜೆಗೆ ಬಂದಿದ್ದ. ಅಧ್ಯಕ್ಷ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ ಸುದ್ದಿ ನಡುರಾತ್ರಿ ಬಂತು. ಮನೆಯಲ್ಲಿ ಕರೆಂಟಿಲ್ಲ. ಕೂಲಿಜ್‌ನ ಅಪ್ಪ ಊರಿನ ನೋಟರಿ. ಆಗಸ್ಟ್ 3ರ ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಲ್ಲಿ, ಅಪ್ಪನೇ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣ ಬೋಧಿಸಿದ.

ಆ ಕೋಣೆ ಹಾಗೇ ಇದೆ. ನಮ್ಮೂರಿನ ಪಡಸಾಲೆಗಿಂತ ಚಿಕ್ಕದು. ಒಂದು ಮೇಜು, ಮೇಜಿನ ಮೇಲೆ ದೀಪ. ಅಪ್ಪ ಹಗ್ಗದ ಈಚೆ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೋಟರಿ ಮುದ್ರೆ ಹಾಕ್ಸೋಕೆ ನಾನು ಸಾಗರಕ್ಕೆ ಮೂರು ಸಲ ಅಲೆದಿದ್ದೆ," ಎಂದರು.

ಶುಕ್ರವಾರ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಆಕಾಶ ತೊಳೆದಿಟ್ಟ ಹಾಗೆ. ಅವತ್ತು ಕ್ಯಾಂಕಮಾಗಸ್ ಹೆದ್ದಾರಿ. ಹೆಸರು ಈ ನೆಲದ ಮೂಲನಿವಾಸಿ ಪೆನಕುಕ್ ಜನರ ಒಬ್ಬ ನಾಯಕನದು, ಸ್ಥಳೀಯರು ಮೊಟಕು ಮಾಡಿ "ಕ್ಯಾಂಕ್" ಅನ್ನುತ್ತಾರೆ. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 34 ಮೈಲಿ, 2,855 ಅಡಿ ಎತ್ತರದ ಘಟ್ಟ ದಾಟಿ ಹೋಗುತ್ತದೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲವೆಂದೇ ಲೆಕ್ಕ. ಲಿಂಕನ್‌ನಲ್ಲಿ ಟ್ಯಾಂಕ್ ತುಂಬಿಸಿ, ಮ್ಯಾಪ್ ಇಳಿಸಿಕೊಂಡು, ಎಲ್ಲರೂ ಬಾತ್‌ರೂಮಿಗೆ ಹೋಗಿ ಬಂದು ಹೊರಡಬೇಕು. ಕಾಡಿನ ಇಲಾಖೆಯ ಪಾರ್ಕಿಂಗ್ ಜಾಗಗಳಿಗೆ ದಿನಕ್ಕೆ 5 ಡಾಲರ್ ಪಾಸು, ಒಂದು ತೆಗೆದುಕೊಂಡರೆ ಎಲ್ಲ ಕಡೆ ನಡೆಯುತ್ತದೆ. ಒಂಬತ್ತರ ಒಳಗೆ ಹತ್ತಿಬಿಟ್ಟರೆ ನಿಲ್ಲಿಸಲು ಜಾಗ ಸಿಗುತ್ತದೆ.

ಘಟ್ಟದ ತುದಿಯಲ್ಲಿ ಎಲೆ ಅರ್ಧ ಉದುರಿತ್ತು. ಇಳಿಯುತ್ತಾ ಹೋದಂತೆ ಒಂದೊಂದೇ ತಿರುವಿಗೆ ಬಣ್ಣ ಏರಿತು. ಸ್ವಿಫ್ಟ್ ನದಿಯ ದಡದಲ್ಲಿ ನಿಲ್ಲಿಸಿದಾಗ ಕಾರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಮ್ಮ ಇಳಿದು ಸೀದಾ ಮರದ ಕೆಳಗೆ ಹೋಗಿ, ಬಗ್ಗಿ, ಎಲೆ ಆರಿಸತೊಡಗಿದಳು. ಕೊಟ್ಟಿಗೆಗೆ ಆರಿಸುವ ಹಾಗಲ್ಲ, ಒಂದೊಂದನ್ನೇ ತಿರುಗಿಸಿ ನೋಡಿ.

"ಇಲ್ನೋಡೇ," ಎಂದು ಒಂದು ಮೇಪಲ್ ಎಲೆ ಕೊಟ್ಟಳು. ಇಡೀ ಎಲೆ ಕುಂಕುಮದ ಕೆಂಪು. ನಡುವೆ ಮಾತ್ರ ಹಳದಿಯ ಒಂದು ಮಚ್ಚೆ, ಅದೂ ಎಲೆಯ ಆಕಾರದ್ದೇ. ಮೂರು ಮೊನೆ ಸ್ಪಷ್ಟವಾಗಿ ಕಾಣುತ್ತಿತ್ತು. "ಇದರ ಮೇಲೆ ಇನ್ನೊಂದು ಎಲೆ ಕೂತಿತ್ತು. ನೆರಳು ಬಿದ್ದಲ್ಲಿ ಕೆಂಪಾಗ್ಲಿಲ್ಲ," ಎಂದಳು. ಕೆಂಪಿಗೆ ಬಿಸಿಲು ಬೇಕು ಅಂತ ನಾನು ಓದಿ ತಿಳಿದಿದ್ದೆ. ಅವಳು ನೋಡಿ ಹೇಳಿದಳು.

ಅಪ್ಪನಿಗೆ ಭಾಷೆಯ ಚಿಂತೆ. "ನಮ್ಮಲ್ಲಿ ಎಲೆ ಕೆಂಪಾಗೋದು ಹುಟ್ಟುವಾಗ. ಮಾವಿನ ಚಿಗುರು ನೋಡು, ಕೆಂದಳಿರು ಅಂತ ಪದಾನೇ ಇದೆ. ಇಲ್ಲಿ ಹೋಗುವಾಗ ಕೆಂಪು. ಇದಕ್ಕೇನನ್ನಬೇಕು?" ಮಾವಿನ ಚಿಗುರಿಗೂ ಈ ಮೇಪಲ್‌ಗೂ ಕೆಂಪು ಕೊಡುವುದು ಅದೇ ಆಂಥೋಸಯನಿನ್ ಅಂತ ನಾನು ಹೇಳುವಷ್ಟರಲ್ಲಿ ಅಮ್ಮ, "ಹಣ್ಣೆಲೆ. ಇನ್ನೇನು?" ಎಂದಳು. ಮತ್ತೆ ಬಗ್ಗಿದಳು. ಜೂನ್‌ನಿಂದ ತರಗೆಲೆ ಎಂದವಳು ಆಮೇಲೆ ಪ್ರವಾಸ ಮುಗಿಯುವವರೆಗೂ ಹಣ್ಣೆಲೆ ಅಂತಲೇ ಅಂದಳು.

ಮಧ್ಯಾಹ್ನ ಫ್ರಾಂಕೋನಿಯಾ ನಾಚ್ ಅನ್ನುವ ಬೆಟ್ಟದ ಕಣಿವೆಗೆ ಬಂದೆವು. ಅಲ್ಲಿನ ಫ್ಲೂಮ್ ಕಂದರಕ್ಕೆ ಮೊದಲೇ ಹೊತ್ತು ಗೊತ್ತು ಮಾಡಿ ಟಿಕೆಟ್ ತೆಗೆಯಬೇಕು, ಮೆಟ್ಟಿಲು ಬಹಳ. ಅಮ್ಮನ ಮಂಡಿ ನೆನೆದು ಅದನ್ನು ಶೀಟಿನಿಂದ ಮೊದಲೇ ಹೊಡೆದುಹಾಕಿದ್ದೆ. ಅದರ ಬದಲು ಪ್ರೊಫೈಲ್ ಕೆರೆಯ ದಡ. ಇಲ್ಲಿನ ಬಂಡೆಯ ತುದಿಯಲ್ಲಿ ಪಕ್ಕಕ್ಕೆ ತಿರುಗಿದ ಮುದುಕನ ಮುಖದಂತೆ ಕಲ್ಲುಗಳು ಚಾಚಿಕೊಂಡಿದ್ದವು. ರಾಜ್ಯದ ಲಾಂಛನವೇ ಆ ಮುಖ. ಕಬ್ಬಿಣದ ಸರಳು, ಅಂಟು ಎಲ್ಲ ಹಾಕಿ ಹಿಡಿದಿಟ್ಟರೂ 2003ರ ಮೇ 3ರಂದು ಕುಸಿದು ಬಿತ್ತು. ರಸ್ತೆ ಬೋರ್ಡುಗಳ ಮೇಲೆ ಇವತ್ತಿಗೂ ಅದೇ ಮುಖ ಇದೆ. ಈಗ ದಡದಲ್ಲಿ ಉಕ್ಕಿನ ಕಂಬಗಳನ್ನು ನೆಟ್ಟಿದ್ದಾರೆ. ನೆಲದ ಮೇಲೆ ಎತ್ತರದ ಗುರುತುಗಳಿವೆ. ನಿಮ್ಮ ಎತ್ತರದ ಗುರುತಿನ ಮೇಲೆ ನಿಂತು ಕಂಬದ ಅಂಚಿನ ಮೂಲಕ ಬಂಡೆಯನ್ನು ನೋಡಿದರೆ, ಕಂಬದ ಉಬ್ಬುತಗ್ಗು ಬಂಡೆಗೆ ಕೂಡಿ, ಇಲ್ಲದ ಮುಖ ಮತ್ತೆ ಅಲ್ಲಿ ಕಾಣುತ್ತದೆ.

ಅಪ್ಪ ಮೊದಲು ತಪ್ಪು ಗುರುತಿನ ಮೇಲೆ ನಿಂತು, "ಏನೂ ಕಾಣ್ತಿಲ್ಲ" ಎಂದರು. ಒಂದು ಹೆಜ್ಜೆ ಹಿಂದೆ ಸರಿಸಿದೆ. ಒಂದು ಕಣ್ಣು ಮುಚ್ಚಿದರು. "ಓ!" ಎಂದರು. ಆಮೇಲೆ ಪಕ್ಕಕ್ಕೆ ಸರಿದರು, ಮುಖ ಹೋಯಿತು. ಮತ್ತೆ ನಿಂತರು, ಬಂತು. ಐದಾರು ಸಲ ಹೀಗೆ ಮಾಡಿದರು. ಹಿಂದೆ ಒಂದು ಶಾಲೆಯ ಮಕ್ಕಳು ಸಾಲಾಗಿ ಕಾಯುತ್ತಿದ್ದವು.

ಆರೂವರೆಗೆಲ್ಲ ಕತ್ತಲು. ಮೂಸ್ ಅನ್ನುವ ದೈತ್ಯ ಜಿಂಕೆ ರಸ್ತೆಗೆ ಅಡ್ಡ ಬರುತ್ತದೆ ಅಂತ ಅಲ್ಲಲ್ಲಿ ಬೋರ್ಡು ಇವೆ, ಅದು ಸುಮ್ನೆ ಹೆದರಿಸಲು ಹಾಕಿದ್ದಲ್ಲ. ಕತ್ತಲಾಗುವ ಮೊದಲು ವೈಟ್ ರಿವರ್ ಜಂಕ್ಷನ್ ಸೇರಿಕೊಂಡೆವು. ಶನಿವಾರ ಬೆಳಿಗ್ಗೆ ನಾವು ದಕ್ಷಿಣಕ್ಕೆ ಇಳಿಯುತ್ತಿದ್ದರೆ ಎದುರಿನ ಸಾಲಿನಲ್ಲಿ ಉತ್ತರಕ್ಕೆ ಹೋಗುವ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನನ್ನ ಗಂಡ ಏನೂ ಹೇಳಲಿಲ್ಲ, ಎಕ್ಸೆಲ್ ಶೀಟಿನ ಬಗ್ಗೆಯೂ ಮಾತೆತ್ತಲಿಲ್ಲ. ಒಟ್ಟು ಓಡಿಸಿದ್ದು ಸಾವಿರ ಮೈಲಿಗೆ ಸ್ವಲ್ಪ ಕಮ್ಮಿ.

ವುಡ್‌ಸ್ಟಾಕ್ ಹತ್ತಿರದ ಪಾಮ್‌ಫ್ರೆಟ್‌ಗೆ ನಾವು ಹೋಗಲಿಲ್ಲ. ಅಲ್ಲಿನ ಒಂದು ತೋಟದ ಮನೆಯ ಫೋಟೋ ಎಲ್ಲರ ಫೋನಿನಲ್ಲೂ ಓಡಾಡಿ, ಜನ ಮುಗಿಬಿದ್ದು, 2023ರಲ್ಲಿ ಎಲೆ ಕಾಲ ಮುಗಿಯುವವರೆಗೆ ಊರಿನವರು ಆ ರಸ್ತೆಯನ್ನು ಹೊರಗಿನವರಿಗೆ ಮುಚ್ಚಿಸಿದ್ದರು. ಅಮ್ಮನಿಗೆ ಈ ಕಥೆ ಹೇಳಿದ್ದಕ್ಕೆ, "ಅವರ ಅಂಗಳ, ಅವರ ಇಷ್ಟ," ಎಂದಿದ್ದಳು. ಹಾಗಾಗಿ ಅದು ಶೀಟಿಗೇ ಏರಲಿಲ್ಲ.

ಅಕ್ಟೋಬರ್ ಕೊನೆಗೆ ನಮ್ಮ ಹಿತ್ತಿಲ ಮೇಪಲ್ ಕೂಡ ಹಣ್ಣಾಗಿ ಉದುರಿತು. ಅಮ್ಮ ಅಪ್ಪ ಹೊರಡಲು ನಾಲ್ಕು ದಿನ ಇತ್ತು. ನಮ್ಮ ಟೌನಿನಲ್ಲಿ ಎಲೆಯನ್ನು ಕಂದು ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡಬೇಕು, ಲಾರಿ ಬಂದು ಒಯ್ಯುತ್ತದೆ. ಬೇಡವೆಂದರೂ ಕೇಳದೆ ಅಮ್ಮ ಹನ್ನೊಂದು ಚೀಲ ತುಂಬಿದಳು. ಕೊನೆಯದನ್ನು ಇಟ್ಟು ಬಂದು, ಸೊಂಟಕ್ಕೆ ಕೈ ಕೊಟ್ಟು ಸಾಲಾಗಿ ನಿಂತ ಚೀಲಗಳನ್ನು ನೋಡಿದಳು.

"ಇಷ್ಟೂ ಸುಮ್ನೆ ಹೋಗ್ತದಲ್ಲೇ," ಎಂದಳು. "ಊರಲ್ಲಾಗಿದ್ರೆ ಕೊಟ್ಟಿಗೆಗೆ ಒಂದು ತಿಂಗಳಿಗೆ ಆಗ್ತಿತ್ತು."